ಮಸ್ಕತ್ತಿನಿಂದ ಮೂರೂವರೆ ತಾಸು

ಅತ್ತೆಯ ಎದೆನೋವು ಸುಳ್ಳೆಂದು ಸುಧಾರಾಣಿಗೆ ಮೊದಲ ದಿನವೇ ಗೊತ್ತಾಗಿತ್ತು. ಮಗನೊಂದಿಗೆ ಫೋನಿನಲ್ಲಿ ನರಳಿದ ಶಂಕ್ರವ್ವ, ಫೋನ್ ಇಟ್ಟೊಡನೆ ಎದ್ದು ಹೋಗಿ ಎರಡು ರೊಟ್ಟಿ ಮುರಿದು ಉಂಡಿದ್ದಳು.

"ಒಮ್ಮೆ ಬಂದು ಮಾರಿ ತೋರಿಸಿ ಹೋಗೋ ಮುರ್ತುಂಜಾ. ಮತ್ತ ನಾ ಸಿಗೂದಿಲ್ಲ" ಎಂದು ಅತ್ತಿದ್ದಳು. ಮೃತ್ಯುಂಜಯ ಟಿಕೆಟ್ ತೆಗೆಸಿಯೇಬಿಟ್ಟ.

ಗಂಡ ದೂರದ ಮಸ್ಕತ್ತಿನಲ್ಲಿದ್ದೂ ಸುಧಾರಾಣಿಗೆ ಉಸಿರಾಡಲು ಬಿಡುತ್ತಿರಲಿಲ್ಲ. ತಾಸಿಗೊಮ್ಮೆ ವಿಡಿಯೋ ಕಾಲ್. ಮನಿ ತೋರಿಸು, ಬಾಗಿಲ ತೋರಿಸು, ಯಾರ ಬಂದಾರ? ಅಕ್ಕಿಆಲೂರಿನ ಸಂತೆಯಲ್ಲೂ ಕಾಯಿಪಲ್ಯದ ನಡುವೆ ನಿಂತು ಮುಖ ತೋರಿಸಬೇಕು. ಒಮ್ಮೆ ಹೇಳದೆ ತವರಿಗೆ ಹೊರಟಿದ್ದಳು. ಕಾಲ್ ಎತ್ತಲಿಲ್ಲವೆಂದು ಅವನು ಅಲ್ಲಿಂದಲೇ ಊರಿನ ದೋಸ್ತರನ್ನು ಎಬ್ಬಿಸಿದ. ಅವರು ಹಾನಗಲ್ಲಿನ ಬಸ್ ನಿಲ್ದಾಣದಲ್ಲೇ ಅವಳನ್ನು ಹಿಡಿದು ತಿರುಗಿ ತಂದು ಬಿಟ್ಟರು. ಮುಂದಿನ ರಜೆಗೆ ಬಂದಾಗ ಅವನು ಅವಳ ಮುಂಗೈ ಮುರಿದ.

ಆಸ್ಪತ್ರೆಯಲ್ಲಿ ಡಾಕ್ಟರಿಗೆ ಉತ್ತರ ಕೊಟ್ಟವಳು ಅತ್ತೆ. "ಬಚ್ಚಲದಾಗ ಜಾರಿ ಬಿದ್ಲರಿ."

ಆ ಮಾತನ್ನು ಸುಧಾರಾಣಿ ಇನ್ನೂ ಕ್ಷಮಿಸಿರಲಿಲ್ಲ.

ಈಗ ಮುದುಕಿಗೆ ಮಗನದೇ ಧ್ಯಾನ. ಪಕ್ಕದ ಮನೆಯ ಹಯಾತ ಹಿಂದೆ ಮಸ್ಕತ್ತಿನಲ್ಲಿ ದುಡಿದು ಬಂದವನು. ಅವನು ಕಂಡಾಗಲೆಲ್ಲ ಕರೆದು ಕಟ್ಟೆಯ ಮೇಲೆ ಕೂರಿಸುತ್ತಿದ್ದಳು.

"ಮಸ್ಕತ್ತಿಂದ ಬೆಂಗಳೂರು ಎಷ್ಟು ದೂರ ಐತೋ ಹಯಾತ?"

"ಎರಡು ಸಾವಿರ ಕಿಲೋಮೀಟರ್ ದಾಟತೈತ್ರಿ ಅವ್ವಾರ. ವಿಮಾನದಾಗ ಮೂರೂವರೆ ತಾಸು."

"ಮ್ಯಾಲ ಇದ್ದಾಗ ಫೋನ್ ಹತ್ತೂದಿಲ್ಲನು?"

"ಬಂದ್ ಮಾಡಸ್ತಾರ್ರಿ. ಇಳಿಯೂತನಕ ಮಗನ ದನಿ ಕೇಳಾಕ ಆಗೂದಿಲ್ಲ, ತಡ್ಕೋರಿ" ಎಂದು ಹಯಾತ ನಕ್ಕ.

ಶಂಕ್ರವ್ವ ನಗಲಿಲ್ಲ. "ನಡುವ ಎಲ್ಲೂ ಇಳಿಯೂದಿಲ್ಲಲ್ಲ?" ಎಂದು ಮತ್ತೆ ಕೇಳಿದಳು.

ಒಳಗೆ ಪಾತ್ರೆ ತಿಕ್ಕುತ್ತಿದ್ದ ಸುಧಾರಾಣಿ ಹಲ್ಲು ಕಚ್ಚಿದಳು. ಹೆತ್ತ ಕರುಳು! ಸೊಸೆಯ ಮೂಳೆ ಮುರಿದರೂ ಮಗ ಬಂಗಾರ.

ಅವನು ಹೊರಡುವ ದಿನ ಬಂತು. ಬೆಳಿಗ್ಗೆ ವಿಮಾನದೊಳಗಿಂದಲೇ ಕಾಲ್ ಮಾಡಿದ. "ಕುಂತೇನಿ. ಮನಿ ಬಿಟ್ಟು ಅಲುಗಬ್ಯಾಡ. ಇಳಿದ ಕೂಡ್ಲೆ ಫೋನ್ ಮಾಡ್ತೇನಿ."

ಹೂರಣಕ್ಕೆ ಬೇಳೆ ಹಾಕಲೇನು ಎಂದು ಕೇಳಲು ಸುಧಾರಾಣಿ ತಿರುಗಿದಳು. ಅತ್ತೆ ಹಿಂದೆಯೇ ನಿಂತಿದ್ದಳು, ಕೈಯಲ್ಲಿ ತುಂಬಿದ ಚೀಲ. ಸೊಸೆಯ ಕೈಯಿಂದ ಫೋನ್ ಕಿತ್ತು ಹಾಸಿಗೆಯ ಮೇಲೆ ಒಗೆದಳು.

"ಚಪ್ಪಲಿ ಮೆಟ್ಟು. ನಡಿ."

ಎದೆನೋವಿನ ಮುದುಕಿ ಓಡಿದಂತೆಯೇ ನಡೆದಳು. ಬಸ್ ನಿಲ್ದಾಣದಲ್ಲಿ ಶಿಗ್ಗಾಂವಿಯ ಬಸ್ಸು ಹೊರಡುವುದರಲ್ಲಿತ್ತು. ಸೊಸೆಯನ್ನು ಒಳಗೆ ದಬ್ಬಿ, ಕಿಟಕಿಯ ಬಳಿಗೆ ಬಂದು ದನಿ ತಗ್ಗಿಸಿದಳು.

"ಶಿಗ್ಗಾಂವ್ಯಾಗ ಗೊಟಗೋಡಿ ಫಕ್ಕೀರವ್ವ ನಿಂತಿರ್ತಾಳ. ನನ್ನ ಸಣ್ಣಂದಿನ ಗೆಳತಿ, ಮುರ್ತುಂಜಗ ಆಕಿ ಗುರ್ತಿಲ್ಲ. ಮುಂದ ಎಲ್ಲಿಗಂತ ಆಕಿನ ಹೇಳ್ತಾಳ. ನನಗ ಮಾತ್ರ ತಿಳಸಬ್ಯಾಡ. ಬಡದ್ರ ಬಾಯಿ ಬಿಟ್ಟೇನು."

ಡ್ರೈವರ್ ಗಾಡಿ ಚಾಲೂ ಮಾಡಿದ.

"ಹಂಗಾದ್ರ ಅವರನ್ನ ಸುಳ್ಳು ಹೇಳಿ ಕರಸಿದ್ದ್ಯಾಕ್ರಿ, ಅತ್ತಿ?"

"ಇಮಾನದಾಗ ಕೂಡಸದ ಇದ್ರ, ಅವನ ಫೋನ್ ಎಲ್ಲಿ ಬಂದ್ ಆಗ್ತಿತ್ತವ್ವ?"