ಅಂಗೈಯ ಲಿಂಗ

ಟಿ.ವಿ.ಯಲ್ಲಿ ಬಾಡಿಗೆ ಸೈನಿಕರು ಸತ್ತ ಜೊತೆಗಾರನನ್ನು ಗುಂಡಿಯಲ್ಲಿ ಮಲಗಿಸಿ ಮರಳೆಳೆದರು. ಸೋಮಶೇಖರನ ಕೈಯಿಂದ ರಿಮೋಟ್ ಜಾರಿತು. ಸಂಬಳಕ್ಕೆ ಬಂದೂಕು ಹಿಡಿಯಲು ಪರದೇಶಕ್ಕೆ ಹೋದ ಇಬ್ಬರಲ್ಲಿ ಅವನೊಬ್ಬನೇ ಬದನಗುಪ್ಪೆಗೆ ಮರಳಿದ್ದ. ಸಾಗರ್ ಅಲ್ಲೇ ಮಣ್ಣಾಗಿದ್ದ.

ಮಗ ಸತ್ತ ಜಾಗ ಹೇಗಿತ್ತೆಂದು ತಿಳಿಯಲು ಈ ಯುದ್ಧದ ಸಿನಿಮಾ ಹಾಕಿಸಿಕೊಂಡಿದ್ದವಳು ಸಾಗರನ ತಾಯಿ ಚಿಕ್ಕಮಲ್ಲಮ್ಮ.

"ಇದೇನ್ಲಾ, ಇಂಗ್ ಮನಗಿಸ್ಬುಟ್ರು! ನನ್ ಮಗನ್ನ ನೀನು ಕೂರ್ಸಿ, ಅಂಗೈಲಿ ಅವನ ಲಿಂಗ ಮಡಗಿ ತಾನೆ ಮಣ್ಣು ಮಾಡಿದ್ದು?"

"ಊಂ ಕಣವ್ವ. ನಮ್ಮೋರ್ ಥರಾನೇ ಮಾಡ್ದೆ."

ಮುಖ ಮರೆಸಲು ಅವನು ರಿಮೋಟಿಗೆ ಬಗ್ಗಿದ. ಕೊರಳಿನಿಂದ ಒಳಗೆ ಲಿಂಗವಿದ್ದ ಬೆಳ್ಳಿ ಕರಡಿಗೆಗಳೆರಡು ಅಂಗಿಯಾಚೆ ಜಾರಿ ತೂಗಾಡಿದವು. ಒಂದು ಅವನದು. ಇನ್ನೊಂದನ್ನು ಮಗನಿಗೆಂದು ಮಾಡಿಸಿದ್ದು ಚಿಕ್ಕಮಲ್ಲಮ್ಮನೇ.