ತಂಡದೊಳಗಿನ ಮನೆಮುರುಕಿ

ಮೊಬೈಲುಗಳನ್ನೆಲ್ಲ ಅಕ್ಕಿಚೀಲಕ್ಕೆ ಹಾಕಿಸಿ, ಚೀಲದ ಬಾಯಿಯನ್ನು ಕೈಯಾರೆ ಹೊಲಿದ ಮೇಲೆ ತಿಮ್ಮರಾಜು ಹದಿನೆಂಟು ಹುಡುಗಿಯರ ಮುಖವನ್ನೂ ಒಂದೊಂದಾಗಿ ನೋಡಿದ. ಇವರಲ್ಲೊಬ್ಬಳು ಮನೆಮುರುಕಿ. ಯಾರೆಂಬುದಷ್ಟೇ ತಿಳಿಯಬೇಕಿತ್ತು.

ಪಾಂಡವಪುರದ ಮಹಿಳಾ ಫುಟ್‌ಬಾಲ್ ಕ್ಲಬ್ಬಿಗೆ ಅವನು ಕೋಚು. ಹುಡುಗಿಯರಿಗೆ ತಿಂಗಳ ಸಂಬಳ, ಛತ್ರದಲ್ಲಿ ವಾಸ, ಬೆಳಿಗ್ಗೆ ಎರಡೆರಡು ಮೊಟ್ಟೆ. ಶ್ರೀರಂಗಪಟ್ಟಣದವರನ್ನೂ ಕೆ.ಆರ್. ಪೇಟೆಯವರನ್ನೂ ಬಗ್ಗುಬಡಿದ ತಂಡ ನಾಗಮಂಗಲದ ಮುಂದೆ ಮಾತ್ರ ಎರಡು ಸಲ ಮಣ್ಣು ಮುಕ್ಕಿತ್ತು. ನಾಯಕಿ ಅರ್ಪಿತಳನ್ನು ಎಡಕ್ಕೆ ಹಾಕಿದರೆ ಎಡದಲ್ಲಿ ಇಬ್ಬರು ಕಾದಿರುತ್ತಿದ್ದರು. ಬಲಕ್ಕೆ ಹಾಕಿದರೆ ಬಲದಲ್ಲಿ. ನಾಗಮಂಗಲದ ಕೋಚು ಸುನಿತಾ ಗೆರೆಯಾಚೆ ಕೈಕಟ್ಟಿ ನಿಂತು ನಗುತ್ತಿದ್ದಳು. ತನ್ನ ಯೋಜನೆಯಲ್ಲಿ ತಪ್ಪಿರಲು ಸಾಧ್ಯವಿಲ್ಲವೆಂದು ತಿಮ್ಮರಾಜುವಿಗೆ ಗೊತ್ತಿತ್ತು. ಅಂದಮೇಲೆ ಒಳಗಿನವರೇ ಸುದ್ದಿ ಮುಟ್ಟಿಸುತ್ತಿದ್ದಾರೆ.

ಭಾನುವಾರ ಅದೇ ನಾಗಮಂಗಲದ ಜೊತೆ ಫೈನಲ್. ಗೆದ್ದವರು ಮೇಲಿನ ಲೀಗಿಗೆ. ಸೋತರೆ ಕ್ಲಬ್ಬಿಗೆ ಬೀಗ ಎಂದು ಮಾಲೀಕ ಜವರಯ್ಯ ಹೇಳಿಯಾಗಿತ್ತು. ಆತನದು ಆಲೆಮನೆ. ರಸ ಬಾರದ ಗಾಣವನ್ನೂ ಗೋಲು ಬಾರದ ತಂಡವನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಮನುಷ್ಯ.

ತಿಮ್ಮರಾಜುವಿನ ಕಣ್ಣು ಗೋಲ್‌ಕೀಪರ್ ಧನುಶ್ರೀಯ ಮೇಲೆ ನಿಂತಿತು. ಅವಳ ಸೋದರಮಾವನ ಮನೆ ನಾಗಮಂಗಲದಲ್ಲಿ. ಸಾಕ್ಷಿಗೆ ಇನ್ನೇನು ಬೇಕು? ಇಡೀ ಲೀಗಿನಲ್ಲಿ ಅತಿ ಹೆಚ್ಚು ಗೋಲು ತಡೆದವಳು ಅವಳೇ ಎಂಬುದು ಅವಳ ಕಪಟಕ್ಕೆ ಇನ್ನೊಂದು ಪುರಾವೆಯಾಯಿತು.

ಆದರೂ ಅವನು ನ್ಯಾಯವಂತ. ತನ್ನ ತಲೆಯೊಂದನ್ನೇ ನಂಬಿ ಯಾವ ತೀರ್ಮಾನವನ್ನೂ ಮಾಡಿದವನಲ್ಲ. ಆ ಮಟ್ಟಿಗೆ ಅವನಿಗೆ ತನ್ನ ತಲೆಯ ಪರಿಚಯವಿತ್ತು. ಪ್ರತಿ ಪಂದ್ಯಕ್ಕೆ ಮುಂಚೆ ಕೆರೆ ಏರಿಯ ಮೇಲಿನ ಅಮ್ಮನ ಗುಡಿಗೆ ಹೋಗಿ ಹೂ ಕೇಳುತ್ತಿದ್ದ. ಸಂಜೆ ಪ್ರಶ್ನೆ ಒಪ್ಪಿಸಬೇಕು, ಅದೂ ಬಾಯಿಬಿಟ್ಟು. ಮನಸ್ಸಿನೊಳಗೇ ಕೇಳಿದರೆ ಅಮ್ಮ ಮುನಿಯುತ್ತಾಳೆ. ಬೆಳಿಗ್ಗೆ ಅವಳ ಎಡಬಲಕ್ಕೆ ನೀರಿನಲ್ಲಿ ಅದ್ದಿದ ಹೂ ಅಂಟಿಸುತ್ತಾರೆ. ಬಲದ ಹೂ ಬಿದ್ದರೆ ಹೌದು, ಎಡದ್ದು ಬಿದ್ದರೆ ಅಲ್ಲ. ಯಾರು ಆಡಬೇಕು, ಯಾರು ಕೂರಬೇಕು, ಎಲ್ಲವೂ ಅಲ್ಲೇ ಇತ್ಯರ್ಥ. ದೊಡ್ಡ ದೊಡ್ಡ ಕೋಚುಗಳು ಕಂಪ್ಯೂಟರ್ ನೋಡುತ್ತಾರಂತೆ. ಪಾಪ, ಅವರಿಗೆ ಅಮ್ಮನಿಲ್ಲ.

ಶುಕ್ರವಾರ ಸಂಜೆ ಪೂಜಾರಿಣಿ ಬೆಟ್ಟಮ್ಮ ಎಲೆಯಡಿಕೆ ಚೀಲವನ್ನೂ ಮೊಬೈಲನ್ನೂ ಪಕ್ಕಕ್ಕಿಟ್ಟು ಎದ್ದು ಬಂದಳು. ಎಪ್ಪತ್ತು ದಾಟಿದ, ಅಕ್ಷರ ಬಾರದ ಮುದುಕಿ. ಫುಟ್‌ಬಾಲೆಂದರೆ ಬಟ್ಟೆ ಚೆಂಡೋ ರಬ್ಬರ್ ಚೆಂಡೋ ಎಂದು ಒಮ್ಮೆ ಕೇಳಿದ್ದಳು. ತಿಮ್ಮರಾಜು ಕೈಮುಗಿದು ಎಲ್ಲವನ್ನೂ ಒಪ್ಪಿಸಿದ. ಧನುಶ್ರೀಯೇ ಕಳ್ಳಿಯಾದರೆ ಬಲಗಡೆ ಕೊಡು. ಅವಳ ಬದಲಿಗೆ ನಿಲ್ಲುವ ಹುಡುಗಿಗೆ ಎಡಕ್ಕೆ ಹಾರಲು ಹೆದರಿಕೆ, ಆ ಕಡೆಯನ್ನು ನೀನೇ ಕಾಯಬೇಕು ತಾಯಿ.

ಶನಿವಾರ ಬೆಳಿಗ್ಗೆ ಬಲದ ಹೂ ಕುಂಕುಮದ ತಟ್ಟೆಯೊಳಕ್ಕೇ ಬಿತ್ತು.

ಛತ್ರದ ಅಂಗಳದಲ್ಲಿ ತೀರ್ಪು ಕೇಳಿದ ಧನುಶ್ರೀ ಅಳಲಿಲ್ಲ. ಏಳನೆಯ ಕ್ಲಾಸಿನಿಂದ ಸಗಣಿ ಸಾರಿಸಿದ ಕಣದಲ್ಲಿ ಬಿದ್ದೆದ್ದು ಕಲಿತ ಆಟ. ಗ್ಲೌಸು ಕಳಚಿ ಅವನ ಕೈಗಿಟ್ಟಳು.

“ಅಮ್ಮನೇ ಯೋಳಿದ್ಲಾ ಸಾರ್? ಅಂಗಾರೆ ಇದ್ನ ಅವ್ಳಿಗೇ ತೊಡ್ಸಿ, ನಾಳೆ ಗೋಲ್ ಮುಂದೆ ನಿಂತ್ಕಳ್ಲಿ.”

ಅರ್ಪಿತ ಅಡ್ಡ ಬಂದಳು. ಧನುಶ್ರೀಯಿಲ್ಲದೆ ಆಡಿದರೆ ಬಾಗಿಲು ತೆಗೆದಿಟ್ಟು ಮಲಗಿದಂತೆ ಎಂದಳು. ದೈವನಿಂದೆಗೆ ಅವಳಿಗೂ ಹತ್ತು ಸುತ್ತು ಓಟದ ಶಿಕ್ಷೆಯಾಯಿತು. ಧನುಶ್ರೀಯನ್ನು ಅಡುಗೆಯ ಕುಳ್ಳಮ್ಮನ ಕಾವಲಿನಲ್ಲಿ ಛತ್ರದೊಳಗೇ ಕೂರಿಸಿದರು. ಇನ್ನು ಸುದ್ದಿ ಹೊರಹೋಗಲು ಇರುವೆಗೂ ದಾರಿಯಿರಲಿಲ್ಲ.

ಭಾನುವಾರ ಕೆ.ಆರ್. ಪೇಟೆಯ ಮೈದಾನ. ನಾಲ್ಕನೆಯ ನಿಮಿಷಕ್ಕೆ ಮೊದಲ ಗೋಲು, ಬದಲಿ ಹುಡುಗಿಯ ಎಡಕ್ಕೆ. ಎರಡನೆಯದೂ ಎಡಕ್ಕೆ. ಮೂರನೆಯದೂ. ನಾಗಮಂಗಲದವರಿಗೆ ಬಲಗಡೆ ಎಂಬುದೊಂದು ಇದೆಯೆಂಬುದೇ ಮರೆತಂತಿತ್ತು. ಐದು ಸೊನ್ನೆ ಆಗುವಷ್ಟರಲ್ಲಿ ಜವರಯ್ಯ ಎದ್ದು ಕಾರು ಹತ್ತಿದ್ದ. ಬೀಗ ಬಹುಶಃ ಕಾರಿನಲ್ಲೇ ಇತ್ತು.

ತಿಮ್ಮರಾಜು ಬೆಂಚಿನ ಮೇಲೆ ಬೆವರಿದ. ಫೋನಿಲ್ಲ, ಧನುಶ್ರೀ ಇಲ್ಲ, ಆದರೂ ಸುದ್ದಿ ಹೋಗಿದೆ. ಹಾಗಾದರೆ ಹದಿನೇಳು ಮಂದಿಯೂ ಕಳ್ಳಿಯರೇ ಎಂಬ ಸತ್ಯ ಅವನಿಗೆ ಆಗಷ್ಟೇ ಹೊಳೆಯಿತು.

ಬಹುಮಾನದ ಹೊತ್ತಿಗೆ ಶಾಮಿಯಾನದ ಬಳಿ ಬೆಟ್ಟಮ್ಮ ಕಂಡಳು. ಹೊಸ ಸೀರೆ, ಕೈಯಲ್ಲಿ ಲಾಡಿನ ಪೊಟ್ಟಣ. ತನಗೆ ಸಮಾಧಾನ ಹೇಳಲು ಈ ವಯಸ್ಸಿನಲ್ಲಿ ಪಾಂಡವಪುರದಿಂದ ಬಸ್ಸು ಹತ್ತಿ ಬಂದಿದ್ದಾಳಲ್ಲ ಎಂದು ಅವನ ಕಣ್ಣು ತುಂಬಿತು. ಓಡಿ ಹೋಗಿ ಕಾಲಿಗೆ ಬಿದ್ದ.

“ಅಮ್ಮ ನನ್ ಕೈ ಬುಟ್ಬುಟ್ಳಲ್ಲವ್ವ.”

ಮುದುಕಿ ಅವನ ತಲೆ ಸವರಿ, ಒಂದು ಲಾಡು ಕೈಗಿಟ್ಟಳು.

“ಅಮ್ಮನ್ನ ಯಾಕಪ್ಪ ಬಯ್ತೀಯ, ಹೂವ ಅಂಟಿಸ್ತಿದ್ದೋಳು ನಾನು, ಯಾವ್ದು ಬೀಳ್ಬೇಕು ಅಂತ ಯೋಳ್ತಿದ್ದೋಳು ನನ್ ಮಗ್ಳು ಸುನಿತಾ.”