ಅಜ್ಜಿ ಹಿಡಿದ ದನದ ಜಾಡು

ಟೀಗೆ ನಿಂಬೆಹುಲ್ಲು ಬಿದ್ದ ಘಮಕ್ಕೆ ಈಗಲೂ ನನಗೆ ಗೋಪಾಲಸ್ವಾಮಿ ಬೆಟ್ಟದ ಆ ಮಧ್ಯಾಹ್ನ ನೆನಪಾಗುತ್ತದೆ.

ಆಗ ನನಗೆ ಒಂಬತ್ತು ವರ್ಷ. ಚಿಕ್ಕಪ್ಪ ಅರಿಶಿನದ ವ್ಯಾಪಾರಿಯೊಬ್ಬರ ಜೀಪು ಕೇಳಿ ತಂದು, ಅಜ್ಜಿಯನ್ನೂ ನನ್ನನ್ನೂ ಕೂರಿಸಿಕೊಂಡು ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ಸುತ್ತಿಸಿದ. ದಾರಿಯುದ್ದಕ್ಕೂ ಜಿಂಕೆ, ಕಾಟಿ ಕಂಡೆವು. ಬೆಟ್ಟದ ಬುಡದಲ್ಲಿ ಜೀಪು ನಿಂತಿತು. ನೆತ್ತಿಯ ಮೇಲಿನ ದೇವಸ್ಥಾನಕ್ಕೆ ಅಲ್ಲಿಂದ ಮುಂದಕ್ಕೆ ಕಾಲ್ನಡಿಗೆ.

"ಅವ್ವ, ನಿನ್ ಮಂಡಿ ನೋವಿಗೆ ಇದು ಆಗಾಕಿಲ್ಲ. ಮಗೀನ ಜೊತೆ ಜೀಪಲ್ಲೇ ಕೂತಿರು" ಎಂದ ಚಿಕ್ಕಪ್ಪ, ಹೊಸ ಬೂಟಿನ ದಾರ ಬಿಗಿದು ನೆಟ್ಟಗೆ ಏರತೊಡಗಿದ.

ಅಜ್ಜಿ ಬುತ್ತಿಯ ಗಂಟನ್ನು ತಲೆಗೇರಿಸಿಕೊಂಡು ಜೀಪಿನಿಂದ ಇಳಿದಳು. ಮದುವೆಗೆ ಮುಂಚೆ ಪ್ರತಿ ಬೇಸಿಗೆಯಲ್ಲೂ ಅಪ್ಪನ ಜೊತೆ ಇದೇ ಕಾಡಿಗೆ ದನ ಹೊಡೆದುಕೊಂಡು ಬರುತ್ತಿದ್ದವಳು ಅವಳು.

"ದನ ಯಾವತ್ತೂ ನೆಟ್ಟಗೆ ಅತ್ತಾಕಿಲ್ಲ ಕಣಮ್ಮಿ, ಓರೆಗೆ ಓಯ್ತದೆ. ಅದ್ರ ಜಾಡಲ್ಲೇ ಓಗನ ಬಾ."

ನನ್ನೆತ್ತರದ ಹುಲ್ಲಿನ ನಡುವೆ ಗೊರಸಿಗೆ ಸವೆದ ಸಣ್ಣ ಜಾಡು ಬೆಟ್ಟವನ್ನು ಸುತ್ತುತ್ತ ಏರುತ್ತಿತ್ತು. ತುಳಿದಲ್ಲೆಲ್ಲ ನಿಂಬೆಹುಲ್ಲಿನ ಘಮ. ಅಜ್ಜಿ ಒಮ್ಮೆಯೂ ಅವಸರ ಮಾಡಲಿಲ್ಲ, ಒಮ್ಮೆಯೂ ನಿಲ್ಲಲಿಲ್ಲ. ಆಚೆ ಚಿಕ್ಕಪ್ಪ ಹತ್ತು ಹೆಜ್ಜೆಗೊಮ್ಮೆ ಕೂರುವುದು ಕಾಣುತ್ತಿತ್ತು.

ನೆತ್ತಿ ತಲುಪಿದಾಗ ಮೋಡ ನಮ್ಮ ಕಾಲ ಕೆಳಗಿತ್ತು. ನಾನು ಕೂಗಿ ಕುಣಿದೆ. ನಾವಿಬ್ಬರೂ ಬುತ್ತಿ ಬಿಚ್ಚಿ ಒಂದೊಂದು ರೊಟ್ಟಿ ತಿಂದು ಮುಗಿಸುವ ಹೊತ್ತಿಗೆ ಚಿಕ್ಕಪ್ಪ ಬೂಟುಗಳನ್ನು ಕೈಯಲ್ಲಿ ಹಿಡಿದು, ಏದುಸಿರು ಬಿಡುತ್ತ ಮೇಲೆ ಬಂದ.

ಅಜ್ಜಿ ಸೆರಗಿನಿಂದ ಅವನ ಮುಖ ಒರೆಸಿ ರೊಟ್ಟಿ ಕೊಟ್ಟಳು.

"ನೀನು ಜೀಪಲ್ಲೇ ಕೂತಿದ್ರೆ ಪ್ರಸಾದ ನಾವೇ ತಂದ್ಕೊಡ್ತಿದ್ವಲ್ಲ ಮಗಾ."